ಅಮ್ಮ ಕೂತರೆ ಸುಮ್ಮನಾಗುವ ಕಾರು

ಹಳೇ ಅಂಬಾಸಿಡರ್ ಒಂದರ ನಡುಕದ ಜಾಡು ಹಿಡಿದು ಹೊರಟವನಿಗೆ ಟೈರಿನಂಗಡಿಯಿಂದ ಅಪ್ಪನ ಲೆಕ್ಕದ ಪುಸ್ತಕದವರೆಗೆ 14 ತಿಂಗಳ ದಾರಿ

ನಂಜನಗೂಡು ರಸ್ತೆಯಲ್ಲಿ ಕಾರು 55 ಕಿ.ಮೀ. ವೇಗ ದಾಟುತ್ತಿದ್ದಂತೆ ಅದು ಶುರುವಾಗುತ್ತಿತ್ತು. ಮೊದಲು ಅಂಗಾಲಿಗೆ ಜೋಮು ಹಿಡಿದಂತೆ ಸಣ್ಣಗೆ ಜುಮುಜುಮು. ಆಮೇಲೆ ಸೀಟಿನಡಿ ದುಂಬಿಯೊಂದು ಸಿಕ್ಕಿಕೊಂಡು ದಾರಿ ಹುಡುಕುತ್ತಿರುವ ಹಾಗೆ ಗುಂಯ್ ಎನ್ನುವ ದನಿ. 65ಕ್ಕೆ ಹೋಗುವಷ್ಟರಲ್ಲಿ ಕನ್ನಡಿಯೊಳಗಿನ ಲಾರಿಯ ಹಣೆಬರಹ ಅಳಿಸಿಹೋಗಿ, ಗ್ಲೋವ್ ಬಾಕ್ಸಿನ ಬಾಗಿಲು ಕಟಕಟ ಹಲ್ಲು ಕಡಿಯುತ್ತಿತ್ತು. 75 ದಾಟಿದರೆ ಏನೂ ಆಗಿಲ್ಲವೆಂಬಂತೆ ತಣ್ಣಗಾಗುತ್ತಿತ್ತು. ಆದರೆ 1977ರ ಅಂಬಾಸಿಡರನ್ನು 75ರ ಮೇಲೆಯೇ ಓಡಿಸುತ್ತೇನೆಂದರೆ ಅದರ ಬ್ರೇಕೂ ಒಪ್ಪುವುದಿಲ್ಲ, ನನ್ನ ಎದೆಯೂ ಒಪ್ಪುವುದಿಲ್ಲ.

ಈ ನಡುಕದ ಬೇರು ಹುಡುಕಲು ನನಗೆ 14 ತಿಂಗಳು ಹಿಡಿಯಿತು. ನಾಲ್ಕು ಟೈರು, ಎಂಜಿನ್ ಕೂರುವ ರಬ್ಬರು, ಎರಡು ಜೊತೆ ಯುಜೆ ಕ್ರಾಸು ಬದಲಾದವು. ಕೊನೆಗೆ ಅದನ್ನು ಹಿಡಿದುಕೊಟ್ಟ ಸಾಮಾನು ಗ್ಯಾರೇಜಿನದಲ್ಲ, ಪಕ್ಕದ ಮನೆಯ ಕಾಂಪೌಂಡ್ ಕಟ್ಟುತ್ತಿದ್ದ ಗಾರೆ ಕೆಲಸದವರ ಚೀಲದಲ್ಲಿತ್ತು.

ರಾಗಿ ಮೂಟೆಯ ಕಾರು

ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು 1986ರಲ್ಲಿ. ಮೈಸೂರಿನಲ್ಲಿ ಮೇಷ್ಟ್ರು ಕೆಲಸ, ಹುಲ್ಲಹಳ್ಳಿ ಕಡೆ ಮೂರು ಎಕರೆ ಜಮೀನು. ಶನಿವಾರ ಸ್ಕೂಲು ಬಿಟ್ಟೊಡನೆ ಹೊರಟರೆ ಭಾನುವಾರ ಸಂಜೆ ವಾಪಸು. ಬರುವಾಗ ಡಿಕ್ಕಿಯಲ್ಲಿ ರಾಗಿ ಮೂಟೆ, ತೆಂಗಿನಕಾಯಿ, ಸುಗ್ಗಿಯಲ್ಲಿ ಅವರೆಕಾಯಿ ಚೀಲ. ಹಿಂದಿನ ಸೀಟಿನಲ್ಲಿ ನಾವು ನಾಲ್ಕು ಮಕ್ಕಳು, ಜೊತೆಗೆ ದಾರಿಯಲ್ಲಿ ಕೈಯೊಡ್ಡಿದ ಊರಿನವರು. ಅಪ್ಪ ಇದ್ದಷ್ಟು ದಿನ ಆ ಕಾರು ಖಾಲಿ ಓಡಿದ್ದು ನನಗೆ ನೆನಪಿಲ್ಲ. ಈ ಮಾತು ಆಮೇಲೆ ಬೇಕಾಗುತ್ತದೆ.

ಅಂಬಾಸಿಡರ್ ಹುಟ್ಟಿನಿಂದ ಇಂಗ್ಲೆಂಡಿನದು. ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಎರಕ ಹೊಯ್ಯತೊಡಗಿತು. 1950ರ ದಶಕದ ಕೊನೆಗೆ ರಸ್ತೆಗಿಳಿದದ್ದು 2014ರ ಮೇ ತಿಂಗಳಿನವರೆಗೂ ತಯಾರಾಗುತ್ತಲೇ ಇತ್ತು. 2017ರಲ್ಲಿ ಆ ಹೆಸರೊಂದನ್ನೇ ಫ್ರಾನ್ಸಿನ ಪೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಜಿಲ್ಲಾಧಿಕಾರಿಯ ಕೆಂಪು ದೀಪದಿಂದ ಮದುವೆ ದಿಬ್ಬಣದ ಸೇವಂತಿಗೆ ಹಾರದವರೆಗೆ ನಮ್ಮೂರುಗಳಲ್ಲಿ ಅದು ಹೊರದ ಮರ್ಯಾದೆಯಿಲ್ಲ.

ನಮ್ಮದು ಮಾರ್ಕ್ 3, 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮುಂದೆ ಎಂಜಿನ್, ಅದರ ಬೆನ್ನಿಗೆ ಗೇರ್ ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯಡಿ ಹಾಯ್ದು ಹಿಂದಿನ ಚಕ್ರಗಳ ನಡುವಿನ ಹೌಸಿಂಗ್ ಸೇರುವ ಉದ್ದನೆಯ ಉಕ್ಕಿನ ಕೊಳವೆ: ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ನಿನ ತಿರುಗು ಹಿಂದಿನ ಚಕ್ರಕ್ಕೆ ತಲುಪುವುದು ಇದರ ಮೂಲಕ. ಇವತ್ತಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರವೇ ಎಳೆಯುವುದರಿಂದ ಈ ಕೊಳವೆಯೇ ಇರುವುದಿಲ್ಲ. ಅದಕ್ಕೇ ಇವತ್ತಿನ ಹುಡುಗರಿಗೆ ಈ ಕಾಯಿಲೆಯ ಪರಿಚಯ ಕಡಿಮೆ.

ಅಪ್ಪ ಹೋದ ಮೇಲೆ ಕಾರು ಆರು ವರ್ಷ ಟಾರ್ಪಾಲಿನಡಿ ಮಲಗಿತ್ತು. ನಾನು ಎಬ್ಬಿಸಿದೆ. ಎದ್ದಿತು, ಸ್ಟಾರ್ಟ್ ಆಯಿತು, ಓಡಿತು, ಅದುರಿತು.

ಮೂರು ಮಾತ್ರೆ ಒಟ್ಟಿಗೆ

ನಡುಕಕ್ಕೆ ವಿಳಾಸ ಇರುತ್ತದೆ ಎನ್ನುತ್ತಾರೆ ಅನುಭವಿ ಮೆಕ್ಯಾನಿಕ್ಕರು. ಸ್ಟೀರಿಂಗ್ ಕೈಯಲ್ಲಿ ಕುಣಿದರೆ ಮುಂದಿನ ಚಕ್ರ ನೋಡು. ಸೀಟು ಕುಲುಕಿದರೆ ಹಿಂದಿನ ಚಕ್ರ. ನೆಲದ ತಗಡು ಗುಂಯ್ಗುಟ್ಟಿದರೆ ಪ್ರೊಪೆಲ್ಲರ್. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗಲೂ ಅದುರಿದರೆ ಎಂಜಿನ್. ಈ ನಾಲ್ಕು ಸಾಲು ಮೊದಲೇ ಗೊತ್ತಿದ್ದರೆ ನನ್ನ ಅರ್ಧ ದುಡ್ಡು ಉಳಿಯುತ್ತಿತ್ತು. ಆದರೆ ನಾನು ಎಲ್ಲರಂತೆ ಹೋಗಿದ್ದು ಟೈರಿನಂಗಡಿಗೆ.

ಅದರಲ್ಲಿ ತಪ್ಪೇನೂ ಇರಲಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಟೈರಿನ ತಳ ಚಪ್ಪಟೆಯಾಗುತ್ತದೆ. ಅಂಥ ಟೈರು ಸುತ್ತಿಗೊಮ್ಮೆ ನೆಲವನ್ನು ಗುದ್ದುತ್ತದೆ. ಹೊಸ ಟೈರು ಹಾಕಿಸಿ ಬ್ಯಾಲೆನ್ಸ್ ಮಾಡಿಸಿದೆ. ರಿಮ್ಮಿನ ಅಂಚಿಗೆ ಬಡಿಯುವ ಸೀಸದ ತುಂಡುಗಳನ್ನು ನಾವು ಲಘುವಾಗಿ ಕಾಣುತ್ತೇವೆ. ಅಂಬಾಸಿಡರಿನ 15 ಇಂಚಿನ ರಿಮ್ಮಿನ ಒಂದು ಕಡೆ ಬರೀ 20 ಗ್ರಾಂ ಹೆಚ್ಚಿದ್ದರೆ, 80 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 1.8 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಆ ಎಳೆತದ ದಿಕ್ಕು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಸುತ್ತಿ ಬರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ಬ್ಯಾಲೆನ್ಸಿಂಗಿನಲ್ಲೂ ಒಂದು ಸೂಕ್ಷ್ಮವಿದೆ. ಅಂಗಡಿಯ ಯಂತ್ರ ಚಕ್ರವನ್ನು ಹಿಡಿಯುವುದು ಅದರ ನಡುವಿನ ದೊಡ್ಡ ತೂತಿನಿಂದ. ಹಳೆಯ ಎಷ್ಟೋ ಉಕ್ಕಿನ ಚಕ್ರಗಳು ಕಾರಿನ ಮೇಲೆ ಕೂರುವಾಗ ನಡುವನ್ನು ಗುರುತಿಸಿಕೊಳ್ಳುವುದು ಸುತ್ತಲಿನ ನಟ್ಟುಗಳಿಂದ. ಎರಡೂ ಒಂದೇ ನಡುವಾಗಿರದಿದ್ದರೆ ಯಂತ್ರದ ಮೇಲೆ ಸಾಧುವಾಗಿದ್ದ ಚಕ್ರ ಕಾರಿಗೆ ಹೋದೊಡನೆ ಹಟ ಮಾಡುತ್ತದೆ. ಇದನ್ನು ಓದಿಕೊಂಡು ಹೋಗಿ ಮೂರನೇ ಸಲ ಬ್ಯಾಲೆನ್ಸ್ ಮಾಡಿಸಿದೆ. ಅಂಗಡಿಯ ಹುಡುಗ ನನ್ನನ್ನು ಕಂಡರೆ ಟೀ ಕುಡಿಯಲು ಹೊರಡುವಂತಾಯಿತು. ಗುಂಯ್ ಮಾತ್ರ ಅಲ್ಲೇ ಇತ್ತು.

ಆಮೇಲೆ ಎಂಜಿನ್ನಿನ ಸರದಿ. ಎಂಜಿನ್ನೂ ಗೇರ್ ಬಾಕ್ಸೂ ಕೂರುವ ರಬ್ಬರುಗಳು ಬಿರುಕು ಬಿಟ್ಟಿದ್ದವು, ಬದಲಾಯಿಸಿದೆವು. ಅದೇ ವಾರ ಶಾಕ್ ಅಬ್ಸಾರ್ಬರ್ ಸರಿಮಾಡಿಸಿ, ಪ್ರೊಪೆಲ್ಲರಿನ ಎರಡು ತುದಿಯ ಕೀಲುಗಳಾದ ಯುಜೆ ಕ್ರಾಸುಗಳನ್ನೂ ಹೊಸದು ಹಾಕಿಸಿದೆ. ಆ ವಾರಾಂತ್ಯ ಓಡಿಸಿದಾಗ ನಡುಕ ತುಸು ಕಮ್ಮಿಯಾದಂತೆ ಕಂಡಿತು. ಯಾವುದರಿಂದ? ಗೊತ್ತಿಲ್ಲ. ಮೂರು ಮಾತ್ರೆ ಒಟ್ಟಿಗೆ ನುಂಗಿದ ರೋಗಿಗೆ ಯಾವುದು ಹತ್ತಿತು ಎಂದು ಹೇಳಲು ಬರುವುದಿಲ್ಲ. ಮುಂದಿನ ವಾರಕ್ಕೆ ಅದು ಮತ್ತೆ ಹಾಗೇ ಆದಾಗ, ಕಮ್ಮಿಯಾದದ್ದು ಕಾರಿನಲ್ಲೋ ನನ್ನ ಮನಸ್ಸಿನಲ್ಲೋ ಎಂಬುದೂ ಗೊತ್ತಾಗಲಿಲ್ಲ.

ಕ್ರಾಸಿನ ಗುಣಮಟ್ಟವೇ ಸರಿಯಿಲ್ಲವೇನೋ ಎಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಎರಡನೇ ಜೊತೆ ತಂದೆ. ಹೋದವನು ಪ್ರೊಪೆಲ್ಲರನ್ನೂ ಬಿಚ್ಚಿಸಿ ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ಒಯ್ದಿದ್ದೆ. ಎದುರು ಸೀಟಿನ ಯಜಮಾನರೊಬ್ಬರು ಮದ್ದೂರು ದಾಟುವವರೆಗೂ ಅದನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಬೋರ್‌ವೆಲ್ಲಿಂದಾ ಸಾರ್?" ಎಂದರು. ಬೆಂಗಳೂರಿನಲ್ಲಿ ಶಾಫ್ಟನ್ನು ಯಂತ್ರಕ್ಕೆ ಹಾಕಿ ಗಿರ್ರನೆ ತಿರುಗಿಸಿದರು. ಪರದೆಯ ಮೇಲೆ ಅಂಕಿ ಬಂತು. "ನಿಮ್ಮ ಶಾಫ್ಟ್ ಕ್ಲೀನಾಗಿದೆ ಸಾರ್, ಬೇರೆ ಕಡೆ ನೋಡ್ಸಿ" ಅಂದರು. ಯಂತ್ರ ಸುಳ್ಳು ಹೇಳಲಿಲ್ಲ. ಆದರೆ ನಾನು ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಮೂರು ಮೂಟೆ ಸಿಮೆಂಟು

ಈ ನಡುಕಕ್ಕೆ ಇನ್ನೊಂದು ದುರ್ಗುಣವಿತ್ತು. ಸಾಕ್ಷಿ ಇದ್ದರೆ ಬರುತ್ತಿರಲಿಲ್ಲ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ, ಅವನ ಇಬ್ಬರು ಹುಡುಗರನ್ನು ಹಿಂದೆ ಕೂರಿಸಿಕೊಂಡು ರಿಂಗ್ ರೋಡಿಗೆ ಹೋದರೆ ಕಾರು ಬೆಣ್ಣೆಯ ಹಾಗೆ ಜಾರುತ್ತಿತ್ತು. "ಎಲ್ಲಿ ಸಾರ್ ವೈಬ್ರೇಷನ್ನು?" ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವಿನವನಂತೆ ನಾನು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದೆ.

ಅಮ್ಮನಿಗಂತೂ ನನ್ನ ಮಾತಿನಲ್ಲಿ ನಂಬಿಕೆಯೇ ಇರಲಿಲ್ಲ. ತಿಂಗಳಿಗೊಮ್ಮೆ ಅಮ್ಮ, ಇಬ್ಬರು ಚಿಕ್ಕಮ್ಮಂದಿರು ಹಿಂದಿನ ಸೀಟಿನಲ್ಲಿ ಕೂತು ನಂಜುಂಡೇಶ್ವರನ ದರ್ಶನಕ್ಕೆ ಹೊರಡುತ್ತಾರೆ. ಡಿಕ್ಕಿಯಲ್ಲಿ ಹಣ್ಣುಕಾಯಿ, ನೀರಿನ ಕ್ಯಾನು, ಮಧ್ಯಾಹ್ನದ ಬುತ್ತಿ. ಆ ಪ್ರಯಾಣಗಳಲ್ಲಿ ಒಮ್ಮೆಯೂ ಕಾರು ಅದುರಿದ್ದಿಲ್ಲ. "ನೀನೊಬ್ಬನೇ ಇದ್ದಾಗ ಅಡ್ಡಾದಿಡ್ಡಿ ಓಡಿಸ್ತೀಯ, ಅದಕ್ಕೇ" ಎನ್ನುವುದು ಅಮ್ಮನ ತೀರ್ಪು.

ಒಂದು ಸೋಮವಾರ ಮೂವರನ್ನೂ ದೇವಸ್ಥಾನದ ಬಳಿ ಇಳಿಸಿ, ಸಾಮಾನನ್ನೂ ಇಳಿಸಿಕೊಟ್ಟು, ಪೆಟ್ರೋಲ್ ಹಾಕಿಸಲು ಮೈಸೂರು ಕಡೆಗೆ ನಾಲ್ಕು ಕಿಲೋಮೀಟರ್ ವಾಪಸು ಬಂದೆ. 55 ದಾಟುತ್ತಿದ್ದಂತೆ ದುಂಬಿ ಹಾಜರ್. ಅದೇ ರಸ್ತೆ, ಅದೇ ಬಿಸಿಲು, ಅದೇ ಡ್ರೈವರ್. ಬದಲಾಗಿದ್ದು ಹಿಂದಿನ ಭಾರ ಒಂದೇ. ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ವರ್ಷದಿಂದ ಅಮ್ಮ ಹೇಳುತ್ತಿದ್ದುದನ್ನು ನಾನು ಬೈಗುಳವೆಂದು ತಿಳಿದಿದ್ದೆ. ಅದರಲ್ಲಿ ಸುಳಿವಿತ್ತು.

ಪಕ್ಕದ ಮನೆಯವರು ಕಾಂಪೌಂಡ್ ಕಟ್ಟಿಸುತ್ತಿದ್ದರು. ಮಾರನೇ ದಿನ ಅವರನ್ನು ಕೇಳಿ 50 ಕಿಲೋದ ಮೂರು ಸಿಮೆಂಟ್ ಮೂಟೆಗಳನ್ನು ಎರವಲು ತಂದು ಡಿಕ್ಕಿಗೆ ಹಾಕಿದೆ. ನಡುಕ ಇಲ್ಲ. ಒಂದು ಮೂಟೆ ಇಳಿಸಿದೆ. ಎಳೆ ಎಳೆಯಾಗಿ ಬಂತು. ಇನ್ನೊಂದು ಇಳಿಸಿದೆ; ಕನ್ನಡಿ ಮಸುಕಾಯಿತು. ಮೂರನ್ನೂ ಇಳಿಸಿದಾಗ ಗ್ಲೋವ್ ಬಾಕ್ಸು ಹಲ್ಲು ಕಡಿಯಿತು. ಇಡೀ 14 ತಿಂಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ್ದು ಅದೇ ಮೊದಲು.

ಸೀಮೆಸುಣ್ಣದ ಲೆಕ್ಕ

ಕಾರಿನಲ್ಲಿ ತಿರುಗುವ ಸಾಮಾನುಗಳೆಲ್ಲ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ನಡುಕ ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸಿದರೆ ಯಾವುದು ಅದುರುತ್ತಿದೆ ಎಂದು ಗೊತ್ತಾಗಬೇಕು. ಇದು ನನಗೆ ತಡವಾಗಿ ಹೊಳೆಯಿತು.

ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಅಳೆದೆ: 2.05 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು. ಪ್ರೊಪೆಲ್ಲರಿನ ಲೆಕ್ಕಕ್ಕೆ ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿದೆ. ಇನ್ನೊಂದು ನೆಲದ ಮೇಲಿದ್ದಾಗ ಡಿಫರೆನ್ಷಿಯಲ್ ತಿರುಗನ್ನು ಹಂಚುವುದರಿಂದ, ಎತ್ತಿದ ಚಕ್ರವನ್ನು ಎರಡು ಸುತ್ತು ಸುತ್ತಿಸಿದರೆ ಅದು ಎರಡೂ ಚಕ್ರ ಒಂದೊಂದು ಸುತ್ತು ಸುತ್ತಿದ್ದಕ್ಕೆ ಸಮ. ಮಗಳು ಕಾರಿನಡಿ ಬಗ್ಗಿ ಶಾಫ್ಟಿನ ಮೇಲಿನ ಗೆರೆ ಎಣಿಸಿದಳು. ನಾಲ್ಕೂವರೆ ಸುತ್ತಿಗೆ ತುಸು ಹೆಚ್ಚು. ಅಂದರೆ 60ರ ವೇಗದಲ್ಲಿ ಪ್ರೊಪೆಲ್ಲರ್ ಸೆಕೆಂಡಿಗೆ ಸುಮಾರು 37 ಸುತ್ತು.

ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಹೊರಟೆವು. ಹಳೇ ಸ್ಪೀಡೋಮೀಟರನ್ನು ನಂಬದೆ ಮೊಬೈಲಿನ ಜಿಪಿಎಸ್ ನೋಡಿ ಸರಿಯಾಗಿ 60ಕ್ಕೆ ಹಿಡಿದೆ. ಸೀಟಿನ ಮುಂದೆ ನೆಲದ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು. ಚಕ್ರದ ದೋಷವಾಗಿದ್ದರೆ ನೀರು ತುಳುಕಬೇಕು. ಇಲ್ಲಿ ಹಾಗಾಗಲಿಲ್ಲ, ಹಾಲಿನ ಕೆನೆ ಸುಕ್ಕುಗಟ್ಟಿದಂತೆ ನೀರಿನ ಮೇಲೆ ನವಿರಾದ ನೆರಿಗೆಗಳು ಎದ್ದವು. ಮಗಳ ಮೊಬೈಲಿನಲ್ಲಿ ಶಬ್ದದ ಕಂಪನ ಎಣಿಸುವ ಆ್ಯಪ್ ಇತ್ತು. ಅದರ ಗೆರೆ ಒಂದು ಕಡೆ ಗೋಪುರದಂತೆ ಎದ್ದು ನಿಂತಿತು: ಸೆಕೆಂಡಿಗೆ 74. ಗಂಡು ತಂಬೂರಿಯ ಮಂದ್ರ ತಂತಿಗೆ ಹತ್ತಿರದ ದನಿ. ನನಗೆ ದುಂಬಿಯಂತೆ ಕೇಳುತ್ತಿದ್ದುದು ಅದೇ.

37ರ ಎರಡು ಪಟ್ಟು 74. ಖುಷಿಪಡುವಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ಟಾಪ್ ಗೇರಿನಲ್ಲಿ ಎಂಜಿನ್ನೂ ಪ್ರೊಪೆಲ್ಲರೂ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಅಲ್ಲಿಗೂ 74! ಕಳ್ಳನೂ ಸಾಹುಕಾರನೂ ಒಂದೇ ಬಣ್ಣದ ಅಂಗಿ ತೊಟ್ಟಂತೆ. ಬೇರೆ ಮಾಡುವ ಉಪಾಯ ಸುಲಭವಿತ್ತು. ಅದೇ 60ರ ವೇಗವನ್ನು ಮೂರನೇ ಗೇರಿನಲ್ಲಿ ಹಿಡಿದೆ. ಎಂಜಿನ್ನಿನ ಗೆರೆ ಮೇಲಕ್ಕೆ ಜಿಗಿಯಿತು. 74ರ ಗೋಪುರ ಅಲ್ಲಾಡಲಿಲ್ಲ. ಆಮೇಲೆ ನ್ಯೂಟ್ರಲ್‌ಗೆ ಹಾಕಿ ಕಾರನ್ನು ಅದರ ಪಾಡಿಗೆ ಬಿಟ್ಟೆ. ಎಂಜಿನ್ ಪಿಸುಗುಟ್ಟುವ ಮಟ್ಟಕ್ಕೆ ಇಳಿಯಿತು. ಗುಂಯ್ ತಗ್ಗಿದರೂ ಹೋಗಲಿಲ್ಲ.

ಎಂಜಿನ್ ನಿರಪರಾಧಿ. ಚಕ್ರ ನಿರಪರಾಧಿ. ಪ್ರೊಪೆಲ್ಲರಿನಲ್ಲೇ ಏನೋ ಇದೆ. ಆದರೆ ಅದು ಸುತ್ತಿಗೆ ಎರಡು ಸಲ ಏಕೆ? ಒಂದು ಕಡೆ ತೂಕ ಹೆಚ್ಚಿದ್ದರೆ ಆ ಕಡೆ ಸುತ್ತಿಗೆ ಒಮ್ಮೆ ತಾನೇ ಕೆಳಗೆ ಬರಬೇಕು?

"ಮುಖ ನೋಡ್ಸಿದ್ರಾ?"

ನಮ್ಮ ಬೀದಿಯ ಕೊನೆಯಲ್ಲಿ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಡಿಪೋ ಅಣ್ಣ. ಸಂಜೆ ವಾಕಿಂಗ್ ಮುಗಿಸಿ ಬರುವಾಗ ನನ್ನ ಸಿಮೆಂಟ್ ಮೂಟೆಯ ಸರ್ಕಸ್ಸನ್ನು ಎರಡು ದಿನ ಗೇಟಿನಾಚೆಯಿಂದ ನೋಡಿದ್ದರಂತೆ. ಮೂರನೇ ದಿನ ಒಳಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಶಾಫ್ಟಿನ ತೂಕ ನೋಡ್ಸಿದ್ರಿ ಸ್ವಾಮಿ, ಸರಿ. ಮುಖ ನೋಡ್ಸಿದ್ರಾ?"

"ಯಾವುದರ ಮುಖ?"

"ಯೋಕಿಂದು. ಆ ತುದೀದು, ಈ ತುದೀದು, ಎರಡೂ ಒಂದೇ ಕಡೆ ಮುಖ ಮಾಡ್ಕೊಂಡಿರ್ಬೇಕು. ಬಸ್ಸಲ್ಲಾದ್ರೆ ಬಿಚ್ಚೋಕೆ ಮುಂಚೆ ಗುರುತು ಹೊಡೀತೀವಿ, ತಪ್ಪಿಸಿ ಹಾಕಿದ್ರೆ ಮಾರನೇ ದಿನವೇ ಡ್ರೈವರ್ರು ಬಂದು ಬೈತಾರೆ."

ಶಾಫ್ಟಿನ ಎರಡು ತುದಿಗೂ ಕವೆಗೋಲಿನಂತೆ ಎರಡು ಕಿವಿಗಳಿರುವ ತುಂಡು ಇರುತ್ತದೆ. ಅದು ಯೋಕ್. ಇಂಗ್ಲಿಷಿನ ಆ ಪದಕ್ಕೆ ನೊಗ ಎಂದೇ ಅರ್ಥ. ಕಿವಿಗಳ ನಡುವೆ ಕೂರುವ ಶಿಲುಬೆಯಾಕಾರದ ಕೀಲು ಯುಜೆ ಕ್ರಾಸ್. ಗೇರ್ ಬಾಕ್ಸ್ ಮೇಲಿದೆ, ಹೌಸಿಂಗ್ ಕೆಳಗಿದೆ, ಹಳ್ಳದಲ್ಲಿ ಇಳಿದಾಗಲೆಲ್ಲ ಹೌಸಿಂಗ್ ಮೇಲೆ ಕೆಳಗೆ ಆಡುತ್ತದೆ. ಹೀಗೆ ಓರೆಯಾಗಿ ನಿಂತ ದಂಡಗಳ ನಡುವೆ ತಿರುಗನ್ನು ದಾಟಿಸುವುದು ಈ ಕೀಲಿನ ಕೆಲಸ. 16ನೇ ಶತಮಾನದ ಇಟಲಿಯ ಗಣಿತಜ್ಞ, ವೈದ್ಯ ಕಾರ್ಡಾನೋ ಹೆಸರಿನಲ್ಲೂ, 17ನೇ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೆಸರಿನಲ್ಲೂ ಅದನ್ನು ಕರೆಯುತ್ತಾರೆ. ಕಾರಿನ ಹೊಟ್ಟೆಗೆ ಒಗ್ಗುವಂತೆ ಅದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್.

ಈ ಕೀಲಿನಲ್ಲಿ ಹುಟ್ಟಿನಿಂದಲೇ ಒಂದು ಕೊರತೆಯಿದೆ. ರಾಗಿ ಬೀಸುವ ಅಜ್ಜಿಯ ಕೈ ನೆನಪಿಸಿಕೊಳ್ಳಿ. ಕಲ್ಲು ಒಂದೇ ಸಮ ತಿರುಗಿದಂತೆ ಕಂಡರೂ, ತಳ್ಳುವಾಗ ಒಂದು ಬಿರುಸು, ಎಳೆದುಕೊಳ್ಳುವಾಗ ಒಂದು ಬಿರುಸು, ನಡುವೆ ತುಸು ನಿಧಾನ. ಓರೆಯಾದ ಯುಜೆ ಕೂಡ ಹೀಗೆಯೇ. ಈ ಕಡೆ ಒಂದೇ ಸಮ ತಿರುಗಿಸಿದರೂ ಆ ಕಡೆಯ ದಂಡ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಓರೆ 6 ಡಿಗ್ರಿ ಇದ್ದರೆ ಈ ಏರುಪೇರು ಶೇ 0.5ಕ್ಕಿಂತ ತುಸು ಹೆಚ್ಚು. 3 ಡಿಗ್ರಿಗೆ ಇಳಿದರೆ ಅದರ ಕಾಲು ಭಾಗ ಮಾತ್ರ.

ಹಾಗಾದರೆ ಎಲ್ಲ ಕಾರುಗಳೂ ಏಕೆ ಅದುರುವುದಿಲ್ಲ? ಕೀಲುಗಳು ಎರಡಿರುವುದರಿಂದ. ಮುಂದಿನ ಕೀಲು ಓಡುವ ಹೊತ್ತಿಗೆ ಹಿಂದಿನದು ತಡೆಯುವಂತೆ ಜೋಡಿಸಿದರೆ ಒಂದರ ತಪ್ಪನ್ನು ಇನ್ನೊಂದು ನುಂಗುತ್ತದೆ. ಹೌಸಿಂಗ್ ತಲುಪುವ ತಿರುಗು ಸಮವಾಗಿರುತ್ತದೆ. ಅದಕ್ಕೆ ಎರಡು ಷರತ್ತು. ಎರಡು ತುದಿಯ ಓರೆ ಸಮವಿರಬೇಕು. ಶಾಫ್ಟಿನ ಎರಡು ಯೋಕುಗಳ ಕಿವಿಗಳು ಒಂದೇ ಮಟ್ಟದಲ್ಲಿರಬೇಕು. ಜೋಡಿ ಎತ್ತುಗಳಲ್ಲಿ ಒಂದು ಹೆಜ್ಜೆ ತಪ್ಪಿಸಿದರೆ ನೊಗಕ್ಕೆ ಪೆಟ್ಟು.

ಶಾಫ್ಟನ್ನು ಬಿಚ್ಚಿ, ಕ್ರಾಸುಗಳನ್ನು ತೆಗೆದು, ಅಂಗಳದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದೆವು. ಡಿಪೋ ಅಣ್ಣ ಎರಡೂ ಯೋಕಿನ ತೂತುಗಳಲ್ಲಿ ಒಂದೊಂದು ನೇರ ಸರಳು ತೂರಿಸಿದರು. ಆಮೇಲೆ ಕಾಂಪೌಂಡಿನಾಚೆಗೆ ಕೂಗಿ ಗಾರೆ ಕೆಲಸದವರ ರಸಮಟ್ಟ ಕೇಳಿ ಪಡೆದರು. ಮುಂದಿನ ಸರಳಿನ ಮೇಲೆ ಇಟ್ಟು ಗುಳ್ಳೆ ನಡುವಿಗೆ ಬರುವಂತೆ ಶಾಫ್ಟ್ ಹೊರಳಿಸಿ, ದಿಮ್ಮಿಗೆ ಚಕ್ಕೆ ಕೊಟ್ಟು ನಿಲ್ಲಿಸಿದರು. ರಸಮಟ್ಟವನ್ನು ಎತ್ತಿ ಹಿಂದಿನ ಸರಳಿನ ಮೇಲಿಟ್ಟರು.

ಗುಳ್ಳೆ ಒಂದೇ ಓಟಕ್ಕೆ ಅಂಚಿಗೆ ಹೋಗಿ ಕೂತಿತು.

ಮಗಳು ಜಾಮಿಟ್ರಿ ಬಾಕ್ಸ್ ತಂದಳು. ಕೋನಮಾಪಕದಲ್ಲಿ 11 ಡಿಗ್ರಿ. ನಾಲ್ಕಡಿ ದೂರದಲ್ಲಿರುವ ಎರಡು ಕವೆಗಳ ನಡುವೆ ಅಷ್ಟು ತಿರುವು ಬರಿಗಣ್ಣಿಗೆ ಕಾಣದು, ಅದರಲ್ಲೂ ನೋಡಬೇಕೆಂದು ಗೊತ್ತಿಲ್ಲದವರ ಕಣ್ಣಿಗೆ. ಬೆಂಗಳೂರಿನ ಯಂತ್ರ ಅಳೆದದ್ದು ತೂಕವನ್ನು. ಶಾಫ್ಟ್ ನೇರವಾಗಿ ನಿಂತು ತಿರುಗುವಾಗ ಮುಖ ಯಾವ ಕಡೆ ಇದ್ದರೂ ತೂಕ ಸಮವಾಗಿಯೇ ಇರುತ್ತದೆ. ಓರೆಯಾಗಿ ದುಡಿಯುವಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

"ಪೈಪ್ ಯಾವಾಗಲೋ ಬದಲಾಗಿದೆ," ಎಂದು ಡಿಪೋ ಅಣ್ಣ ಬೆಸುಗೆಯ ಉಬ್ಬನ್ನು ಹೆಬ್ಬೆರಳಿನಿಂದ ಸವರಿದರು. "ಕಂಪನಿ ವೆಲ್ಡಿಂಗ್ ಅಲ್ಲ ಇದು."

ಅಪ್ಪನ ಲೆಕ್ಕದ ಪುಸ್ತಕ

ಅಪ್ಪ ಖರ್ಚಿನ ಪುಸ್ತಕ ಇಟ್ಟಿದ್ದರು. ಹಾಲಿನವನಿಗೆ ಕೊಟ್ಟ ಚಿಲ್ಲರೆಯೂ ಅದರಲ್ಲಿರುತ್ತದೆ. ರಾತ್ರಿ ಬೀರುವಿನ ಮೇಲಿನ ಕಟ್ಟು ಇಳಿಸಿ ಕೂತೆ. 1996ರ ಪುಸ್ತಕದಲ್ಲಿ ಸಿಕ್ಕಿತು: "ಕಾರು. ಪ್ರೊಪೆಲ್ಲರ್ ಪೈಪ್ ಬದಲು, ಲೇತ್ ಮತ್ತು ವೆಲ್ಡಿಂಗ್." ಯಾವ ಅಂಗಡಿ ಎಂದಿಲ್ಲ. ಹಳ್ಳದಲ್ಲಿ ಕಲ್ಲಿಗೆ ಬಡಿದು ಶಾಫ್ಟ್ ಬಗ್ಗಿದ್ದು ನನಗೂ ಮಸುಕಾಗಿ ನೆನಪಿದೆ. ಹೊಸ ಪೈಪಿಗೆ ಹಳೆಯ ಯೋಕುಗಳನ್ನು ಬೆಸೆಯುವಾಗ ಯಾರದೋ ಕೈ ಕೂದಲೆಳೆಯಷ್ಟು ತಪ್ಪಿದೆ. ಮರುವರ್ಷದ ಪುಸ್ತಕದಲ್ಲಿ ಇನ್ನೊಂದು ಸಾಲು: "ಹಿಂದಿನ ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ 2. ಮೂಟೆ ಹಾಕಿದರೆ ಕೂರುತ್ತದೆ."

ಕಥೆ ಅಲ್ಲಿಗೆ ಒಂದಕ್ಕೊಂದು ಹೊಂದಿಕೊಂಡಿತು. ಎಕ್ಸ್‌ಟ್ರಾ ಪ್ಲೇಟಿನಿಂದ ಕಾರಿನ ಹಿಂಭಾಗ ಎತ್ತರವಾಯಿತು. ಎತ್ತರವಾದಷ್ಟೂ ಶಾಫ್ಟಿನ ಓರೆ ಹೆಚ್ಚು. ಓರೆ ಹೆಚ್ಚಿದಂತೆಲ್ಲ ಆ 11 ಡಿಗ್ರಿಯ ತಪ್ಪು ಜೋರಾಗಿ ಮಾತಾಡಬೇಕು. ಆದರೆ ಅಪ್ಪನ ಕಾರಿನಲ್ಲಿ ಸದಾ ಮೂಟೆ, ಸದಾ ಮಕ್ಕಳು. ಭಾರಕ್ಕೆ ಹಿಂಭಾಗ ಕೂತು ಓರೆ ಕಡಿಮೆಯಾಗಿ ತಪ್ಪು ನಿದ್ದೆ ಮಾಡುತ್ತಿತ್ತು. ಮೂಟೆ ಇಲ್ಲವಾಗಿ, ಮಕ್ಕಳು ದೊಡ್ಡವರಾಗಿ, ಒಬ್ಬನೇ ಮಗ ಖಾಲಿ ಕಾರು ಓಡಿಸಿದಾಗ ಅದಕ್ಕೆ ಎಚ್ಚರವಾಯಿತು. ಅಮ್ಮ, ಇಬ್ಬರು ಚಿಕ್ಕಮ್ಮಂದಿರು, ಬುತ್ತಿ, ಹಣ್ಣುಕಾಯಿ ಸೇರಿದರೆ ಒಂದೆರಡು ರಾಗಿ ಮೂಟೆಗೆ ಕಮ್ಮಿಯಿಲ್ಲ. ಈ ಹೋಲಿಕೆಯನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ರಿಪೇರಿ ಕೇಳಲು ಸುಲಭ, ಮಾಡಲು ತಾಳ್ಮೆಯ ಕೆಲಸ. ಲೇತಿನಲ್ಲಿ ಶಾಫ್ಟನ್ನು ಹಿಡಿದು ಒಂದು ತುದಿಯ ಬೆಸುಗೆಯನ್ನು ಮಾತ್ರ ಕತ್ತರಿಸಬೇಕು. ಯೋಕನ್ನು ತಿರುಗಿಸಿ ಎರಡೂ ಮುಖ ಒಂದೇ ಮಟ್ಟಕ್ಕೆ ತಂದು ಮೂರ್ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟ್ ಬಾಗಿ ತಿರುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಪೂರ್ತಿ ಬೆಸೆಯಬೇಕು. ಬೆಸುಗೆಯ ಕಾವಿಗೆ ಮತ್ತೆ ಬಾಗಬಹುದಾದ್ದರಿಂದ ಇನ್ನೊಮ್ಮೆ ಗೇಜ್, ಇನ್ನೊಮ್ಮೆ ಬ್ಯಾಲೆನ್ಸ್. ಗೋಣಿಚೀಲ ಮತ್ತೆ ರೈಲು ಹತ್ತಿತು. ಡಿಪೋ ಅಣ್ಣ ಜೊತೆಗೆ ಬಂದು ಲೇತಿನ ಪಕ್ಕದಿಂದ ಅಲ್ಲಾಡಲಿಲ್ಲ. ಅವರ ಜುಬ್ಬಾದ ಜೇಬಿನಲ್ಲಿ ಒಂದು ಪುಟ್ಟ ಹೊಸ ರಸಮಟ್ಟ ಇತ್ತು.

ಶಾಫ್ಟ್ ಕೂರಿಸಿದ ದಿನ ನಾನೊಬ್ಬನೇ ನಂಜನಗೂಡು ರಸ್ತೆಗೆ ಹೊರಟೆ. ಪ್ಲೇಟ್ ಮುಟ್ಟಿರಲಿಲ್ಲ, ಒಂದು ಸಲಕ್ಕೆ ಒಂದೇ ಎನ್ನುವುದು ಈಗ ನನಗೂ ವ್ರತ. 50. 55. ಕಾಲ ಕೆಳಗೆ ಏನೂ ಇಲ್ಲ. 60. 65ಕ್ಕೆ ಬಂದಾಗ ಉಸಿರು ಬಿಗಿಹಿಡಿದು ಕನ್ನಡಿ ನೋಡಿದೆ. ಹಿಂದಿನ ಲಾರಿಯ ಹಣೆಯ ಮೇಲಿನ "ಶ್ರೀ ಮಲೆ ಮಹದೇಶ್ವರ ಪ್ರಸನ್ನ" ಒತ್ತು, ದೀರ್ಘ ಸಮೇತ ಕಂಡಿತು. ಕನ್ನಡಿಯಲ್ಲಿ ತಿರುಗುಮುರುಗಾಗಿದ್ದರೂ ಅಷ್ಟು ಚೆಂದದ ಕನ್ನಡ ಬರಹವನ್ನು ನಾನು ಓದಿರಲಿಲ್ಲ.

ಮನೆಗೆ ಬಂದಾಗ ಡಿಪೋ ಅಣ್ಣ ಗೇಟಿನಲ್ಲಿ ಕಾದಿದ್ದರು. "ಈಗ ಆ ಪ್ಲೇಟೂ ತೆಗ್ಸಿಬಿಡಿ. ಅಷ್ಟು ಓರೆಯಲ್ಲಿ ಕ್ರಾಸು ಬೇಗ ಸವೆಯುತ್ತೆ."

"ಅದು ಅಪ್ಪ ಹಾಕಿಸಿದ್ದು" ಎಂದೆ.

"ಅಪ್ಪ ರಾಗಿಗೆ ಹಾಕ್ಸಿದ್ದು ಸ್ವಾಮಿ, ನಿಮಗಲ್ಲ."

ಮುಂದಿನ ವಾರ ತೆಗೆಸಿದೆ. ಎರಡೂ ಕಡೆಯ ಪ್ಲೇಟುಗಳು ಈಗ ಹಿತ್ತಲಿನಲ್ಲಿ ಒಲೆಗೂಡಿನ ಗೋಡೆಗೆ ಒರಗಿವೆ. ಕಾರಿನ ಹಿಂಭಾಗ ಹುಟ್ಟಿದಾಗ ಇದ್ದಷ್ಟು ಎತ್ತರಕ್ಕೆ ಇಳಿದಿದೆ.

ಆ ಸೋಮವಾರ ಅಮ್ಮ, ಚಿಕ್ಕಮ್ಮಂದಿರು ಎಂದಿನಂತೆ ಹಿಂದೆ ಕೂತರು. ಕಾರು 60ರಲ್ಲಿ ನೂಲಿನ ಮೇಲೆ ಜಾರಿದಂತೆ ಹೋಗುತ್ತಿತ್ತು. ಕಡಕೊಳ ದಾಟುವವರೆಗೆ ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟೆ.

"ಹೇಗಿದೆಯಮ್ಮ?"

"ಏನು ಹೇಗಿದೆ?"

"ಕಾರು. ಈಗ ಅದುರ್ತಿಲ್ಲ ಅಲ್ವಾ?"

"ಯಾವತ್ತು ಅದುರ್ತಿತ್ತು?" ಎಂದರು ಅಮ್ಮ. ಚಿಕ್ಕ ಚಿಕ್ಕಮ್ಮ, "ಎಷ್ಟು ದುಡ್ಡು ಸುರಿದ್ಯಪ್ಪ ಇದಕ್ಕೆ?" ಎಂದರು. ನಾನು ಮೊತ್ತ ಹೇಳಲಿಲ್ಲ.

ದೇವಸ್ಥಾನದ ಬೀದಿಗೆ ತಿರುಗುವಲ್ಲಿ ಒಂದು ಎತ್ತರದ ಹಂಪ್ ಇದೆ. ಎಷ್ಟೋ ವರ್ಷದಿಂದ ದಾಟುತ್ತಿದ್ದ ಅಭ್ಯಾಸದಲ್ಲಿ ದಾಟಿಸಿದೆ. ಮೂರು ಜನರ ಭಾರಕ್ಕೆ ಹಿಂಭಾಗ ಕುಸಿದು, ಸೈಲೆನ್ಸರ್ ಹಂಪಿಗೆ ಉಜ್ಜಿ ಕರ್ರ್ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿತು.

"ನೋಡು," ಎಂದರು ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ, "ಈ ಸದ್ದು ಮಾತ್ರ ನಿಮ್ಮಪ್ಪ ಓಡಿಸುವಾಗ ಇರ್ಲಿಲ್ಲ."